ತಾಮ್ರವನ್ನು ಒಗ್ಗೂಡಿಸುವ ನೀರು

ದಕ್ಷಿಣ ಅಮೆರಿಕದ ಭೂಪಟವನ್ನು ಮುಂದೆ ಹರಡಿಕೊಂಡು ಚಿಲಿ ದೇಶದ ಚುಕಿಕಮಾಟಾ, ಎಸ್ಕೊಂಡಿಡಾ, ಎಲ್ ಟೆನಿಯೆಂಟೆ ಎಂಬ ತಾಮ್ರದ ಗಣಿಗಳನ್ನು ಗುರುತಿಸೋಣ. ಅವೆಲ್ಲವೂ ಆಂಡೀಸ್ ಪರ್ವತಶ್ರೇಣಿಯ ಉದ್ದಕ್ಕೆ ನಿಂತಿವೆ. ಜಗತ್ತಿನ ಗಣಿಗಳಿಂದ ಹೊರಬರುವ ತಾಮ್ರದಲ್ಲಿ ಸುಮಾರು ಕಾಲುಭಾಗ ಈ ಒಂದೇ ದೇಶದ್ದು.

ತಾಮ್ರವೇನೂ ಅಲ್ಲಿ ಮಾತ್ರವೇ ಇರುವ ವಸ್ತುವಲ್ಲ. ಭೂಮಿಯ ಸಾಮಾನ್ಯ ಶಿಲೆಯಲ್ಲಿಯೂ ಟನ್ನಿಗೆ ಕೆಲವು ಹತ್ತು ಗ್ರಾಂಗಳಷ್ಟು ತಾಮ್ರ ಚದುರಿಕೊಂಡಿದೆ. ಆದರೆ ಗಣಿ ತೋಡಿದ ಶ್ರಮ ಸಾರ್ಥಕವಾಗಬೇಕಾದರೆ ಟನ್ನಿಗೆ ಸುಮಾರು ೫ ಕಿಲೋಗ್ರಾಂ ತಾಮ್ರವಿರಬೇಕು. ಎಂದರೆ ಅದನ್ನು ನೂರು ಮಡಿಯಷ್ಟು ಸಾಂದ್ರಗೊಳಿಸುವ ಕೆಲಸವನ್ನು ನಿಸರ್ಗವೇ ಮಾಡಿಕೊಟ್ಟಿರಬೇಕು. ಆ ಕೆಲಸದಲ್ಲಿ ನೀರಿನ ಪಾತ್ರವೇ ಹಿರಿದೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಭೂಮಿಯ ಗಡುಸಾದ ಹೊರಪದರವು ಹಲವು ಫಲಕಗಳಾಗಿ ಒಡೆದಿದೆಯಷ್ಟೆ. ಪೆಸಿಫಿಕ್ ಸಾಗರದ ತಳದಲ್ಲಿರುವ ನಾಜ್ಕಾ ಫಲಕವು ವರ್ಷಕ್ಕೆ ಸುಮಾರು ೬–೭ ಸೆಂಟಿಮೀಟರಿನಂತೆ ದಕ್ಷಿಣ ಅಮೆರಿಕದ ಅಡಿಗೆ ಜಾರುತ್ತಿದೆ. ಕೋಟ್ಯಂತರ ವರ್ಷ ಸಮುದ್ರದಡಿಯಲ್ಲಿದ್ದ ಅದರ ಖನಿಜಗಳು ನೀರನ್ನು ತಮ್ಮ ರಚನೆಯಲ್ಲಿಯೇ ಸೇರಿಸಿಕೊಂಡಿವೆ. ಸುಮಾರು ೧೦೦ ಕಿಲೋಮೀಟರ್ ಆಳದಲ್ಲಿ, ಶಾಖ ಮತ್ತು ಒತ್ತಡಗಳಿಗೆ ಸಿಕ್ಕಿ ಆ ನೀರು ಬಿಡುಗಡೆಯಾಗಿ ಮೇಲಿನ ಕಾದ ಶಿಲೆಯನ್ನು ಸೇರುತ್ತದೆ. ಒಣಗಿದ್ದರೆ ಕರಗದ ಆ ಶಿಲೆಯ ದ್ರವನಬಿಂದು ನೀರು ಬೆರೆತಾಗ ನೂರಾರು ಡಿಗ್ರಿ ಇಳಿಯುತ್ತದೆ. ಶಿಲೆ ಕರಗಿ ಶಿಲಾಪಾಕವಾಗುತ್ತದೆ. ಜಾರಿದ ಫಲಕವೇ ಕರಗುತ್ತದೆಂದು ಹೇಳುವುದುಂಟು. ಆದರೆ ಬಹುಮಟ್ಟಿಗೆ ಕರಗುವುದು ಅದರ ಮೇಲಿರುವ ಶಿಲೆ.

ಇಲ್ಲೊಂದು ತೊಡಕಿದೆ. ತಾಮ್ರಕ್ಕೆ ಗಂಧಕದ ಮೇಲೆ ಬಲು ಒಲವು. ಅವೆರಡೂ ಆಳದಲ್ಲಿಯೇ ಕೂಡಿದರೆ ತಾಮ್ರ ಅಲ್ಲಿಯೇ ಉಳಿದುಹೋಗುತ್ತದೆ. ಈ ನೀರುಳ್ಳ ಶಿಲಾಪಾಕದಲ್ಲಿ ಗಂಧಕದ ಬಹುಭಾಗ ಆಮ್ಲಜನಕದೊಡನೆ ಸೇರಿರುವುದರಿಂದ ತಾಮ್ರ ಪಾರಾಗಿ ಮೇಲೇರಬಲ್ಲದು.

ಮೇಲೇರಿದ ಪಾಕವೆಲ್ಲ ಜ್ವಾಲಾಮುಖಿಯಾಗಿ ಸಿಡಿದರೆ ಫಲವಿಲ್ಲ. ಅದರ ಅನಿಲಗಳು ಆಕಾಶದ ಪಾಲು. ನೆಲದಡಿ ಕೆಲವೇ ಕಿಲೋಮೀಟರ್ ಆಳದಲ್ಲಿ ಅದು ನಿಂತು ಹೆಪ್ಪುಗಟ್ಟಬೇಕು. ಗೋಲಿ ಸೋಡಾದ ಗೋಲಿಯನ್ನು ಒತ್ತಿದೊಡನೆ ಒತ್ತಡ ಇಳಿದು ಗುಳ್ಳೆಗಳೇಳುವುದನ್ನು ನಾವೆಲ್ಲ ಬಲ್ಲೆವು. ಹಾಗೆಯೇ ಪಾಕದಿಂದ ನೀರು ಬೇರ್ಪಡುತ್ತದೆ. ಅದರಲ್ಲಿರುವ ಕ್ಲೋರಿನ್ ತಾಮ್ರವನ್ನು ಹಿಡಿದು ಒಯ್ಯುತ್ತದೆ. ಈ ಬಿಸಿದ್ರವದ ಒತ್ತಡಕ್ಕೆ ಸುತ್ತಣ ಬಂಡೆ ಬಿರಿಯುತ್ತದೆ. ಉಷ್ಣತೆ ಸುಮಾರು ೪೦೦ ಡಿಗ್ರಿ ಸೆಂಟಿಗ್ರೇಡಿಗೆ ಇಳಿಯುವ ಹೊತ್ತಿಗೆ ತಾಮ್ರ, ಕಬ್ಬಿಣ, ಗಂಧಕಗಳು ಕೂಡಿದ ಹಳದಿ ಬಣ್ಣದ ಚಾಲ್ಕೊಪೈರೈಟ್ ಆ ಬಿರುಕುಗಳಲ್ಲಿ ಕೂರುತ್ತದೆ. ಈ ಬಗೆಯ ಅದುರಿಗೆ ಪಾರ್ಫಿರಿ ತಾಮ್ರವೆಂದು ಹೆಸರು. ಫಲಕಗಳ ಚಲನೆಗೂ ಇದಕ್ಕೂ ಇರುವ ಸಂಬಂಧವನ್ನು ರಿಚರ್ಡ್ ಸಿಲಿಟೋ ೧೯೭೨ರಲ್ಲಿ ವಿವರಿಸಿದರು.

ಇಷ್ಟಾದರೂ ಅದುರು ಆಳದಲ್ಲಿಯೇ ಇರುತ್ತದೆ. ಮೇಲಿನ ಬೆಟ್ಟ ಸವೆದರೆ ಮಾತ್ರ ನಮಗೆ ದಕ್ಕೀತು. ಸವೆತ ಮಿತಿಮೀರಿದರೆ ಅದುರೇ ಕೊಚ್ಚಿಹೋದೀತು. ಆದುದರಿಂದಲೇ ಇಂತಹ ನಿಕ್ಷೇಪಗಳಲ್ಲಿ ಬಹುಪಾಲು ಭೂಮಿಯ ವಯಸ್ಸಿನ ಲೆಕ್ಕದಲ್ಲಿ ತೀರ ಎಳೆಯವು. ಎಲ್ ಟೆನಿಯೆಂಟೆಗೆ ಸುಮಾರು ೫೦ ಲಕ್ಷ ವರ್ಷ. ಚುಕಿಕಮಾಟಾಗೆ ೩ ಕೋಟಿಗೂ ಮಿಕ್ಕು. ಚುಕಿಕಮಾಟಾದಲ್ಲಿ ಒಳಗಿಳಿದ ಮಳೆನೀರು ಮೇಲ್ಪದರದ ತಾಮ್ರವನ್ನು ಕರಗಿಸಿ ಕೆಳಪದರದಲ್ಲಿ ಇನ್ನಷ್ಟು ದಟ್ಟವಾಗಿ ಕೂಡಿಸಿತು. ಬಳಿಕ ಆ ನಾಡು ಅಟಕಾಮಾ ಮರುಭೂಮಿಯಾಗಿ ಒಣಗಿದುದರಿಂದ ಆ ಸಂಪತ್ತು ಸವೆಯದೆ ಉಳಿಯಿತು. ಅದನ್ನು ತೋಡುತ್ತ ಹೋದಂತೆ ತೆರೆದ ಗಣಿ ಸುಮಾರು ಒಂದು ಕಿಲೋಮೀಟರ್ ಆಳವಾಯಿತು. ೨೦೧೯ರಿಂದ ಅಲ್ಲಿ ಸುರಂಗಗಳ ಮೂಲಕ, ಇನ್ನೂ ಕೆಳಗಿನ ಅದುರನ್ನು ತೆಗೆಯಲಾಗುತ್ತಿದೆ.