ಅಟ್ಟದ ಮೇಲಿನ ಲೆಕ್ಕ

ನೀರು ಶುದ್ಧ ಮಾಡುವ ಯಂತ್ರ ಮನೆಗೆ ಬಂದ ದಿನವೇ ಅದರ ಖರ್ಚು ಮುಗಿಯಿತು ಅಂದುಕೊಳ್ಳುತ್ತೇವೆ. ಆಮೇಲೆ ಫಿಲ್ಟರ್ ಬದಲಿಸಬೇಕು, ಕೆಲ ವರ್ಷಕ್ಕೆ ಮೆಂಬ್ರೇನ್ ಹೋಗುತ್ತದೆ, ನಡುವೆ ಎಎಂಸಿ, ಅಂದರೆ ವರ್ಷದ ನಿರ್ವಹಣೆಯ ಒಪ್ಪಂದದ ಹಣ, ಕಟ್ಟಬೇಕು. ಇದಿಷ್ಟು ದುಡ್ಡಿನ ಲೆಕ್ಕ. ಸರ್ವಿಸ್‌ನವರು ಹನ್ನೊಂದಕ್ಕೆ ಬರುತ್ತೇವೆಂದು ಹೇಳಿ ನಾಲ್ಕಕ್ಕೆ ಬಂದಾಗ ಹಾಳಾದ ರಜೆ, ಬಿಲ್ಲು ಎಲ್ಲಿಟ್ಟೆ ಎಂಬ ಹುಡುಕಾಟ, ಎಎಂಸಿ ಈ ತಿಂಗಳು ಮುಗಿಯುತ್ತದೋ ಮುಂದಿನ ತಿಂಗಳೋ ಎಂಬ ಚಿಂತೆ ಯಾವ ಪಾಸ್‌ಬುಕ್ಕಿನಲ್ಲೂ ಬರೆದಿರುವುದಿಲ್ಲ. ನೀರಿನ ಯಂತ್ರವೇನೋ ಬೇಕೇ ಬೇಕು. ಆದರೆ ಹೀಗೆ ನಮ್ಮನ್ನು ಕಾಯಿಸುವ, ನೆನಪಿಡು ಎನ್ನುವ ಸಾಮಾನು ಮನೆಯಲ್ಲಿ ಎಷ್ಟಿದೆ ಎಂಬುದು ಆಯುಧಪೂಜೆಯ ದಿನ ಗೊತ್ತಾಗುತ್ತದೆ. ಅರಿಶಿನ ಕುಂಕುಮದ ಬಟ್ಟಲು ಹಿಡಿದು ಹೊರಟರೆ ಮಿಕ್ಸಿ, ಗ್ರೈಂಡರ್, ಫ್ರಿಜ್, ಗೀಸರ್, ಯುಪಿಎಸ್ ಎಲ್ಲ ಮುಗಿಸಿ, ವರ್ಷದಿಂದ ಯಾರೂ ಹತ್ತದ ಟ್ರೆಡ್‌ಮಿಲ್‌ಗೂ ಒಂದು ಹೂವಿಟ್ಟು ಬರಬೇಕು.

ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಂಡವಳು ನಾನು. ಎದುರು ಕುರ್ಚಿಯಲ್ಲಿ ಕೂತವರ ಪೈಕಿ ಹೆಚ್ಚು ಬಳಲಿದಂತೆ ಕಾಣುತ್ತಿದ್ದವರು ಸಣ್ಣ ಸಣ್ಣ ಕಂತು ಹಲವು ಇಟ್ಟುಕೊಂಡವರು. ಮನೆ ಸಾಲ ಒಂದನ್ನೇ ಕಟ್ಟುತ್ತಿದ್ದವರು, ಅದು ಎಷ್ಟೇ ದೊಡ್ಡದಿರಲಿ, ತಾರೀಖು ಮೊತ್ತ ಎರಡನ್ನೂ ಥಟ್ಟನೆ ಹೇಳುತ್ತಿದ್ದರು. ಫೋನಿನ ಕಂತು, ಟಿವಿ ಕಂತು, ಸೋಫಾ ಕಂತು, ಸ್ಕೂಟರ್ ಕಂತು ಇದ್ದವರಿಗೆ ಪ್ರತಿ ಸಲವೂ ಮೆಸೇಜು ಹುಡುಕಬೇಕಾಗುತ್ತಿತ್ತು. ನಾನು ಕಣ್ಣಾರೆ ಕಂಡದ್ದಕ್ಕೆ ಆಧಾರ ಸಿಕ್ಕಿದ್ದು ಸಿಂಗಪುರದ ಒಂದು ಅಧ್ಯಯನದಲ್ಲಿ. ಬಹುಕಾಲದಿಂದ ಸಾಲದಲ್ಲಿದ್ದ 196 ಬಡವರಿಗೆ ಅನಿರೀಕ್ಷಿತವಾಗಿ ಸಾಲ ಪರಿಹಾರ ಸಿಕ್ಕಿತು. ಆಮೇಲೆ ಅವರ ಆತಂಕ ಇಳಿದಿತ್ತು, ಯೋಚಿಸುವ ಶಕ್ತಿ ಸುಧಾರಿಸಿತ್ತು. 2019ರಲ್ಲಿ ಪ್ರಕಟವಾದ ಆ ವರದಿಯಲ್ಲಿ ನನಗೆ ಮುಖ್ಯವೆನಿಸಿದ ಸಂಗತಿ ಬೇರೆ. ತೀರಿದ ಮೊತ್ತ ಒಂದೇ ಆದರೂ ಹೆಚ್ಚು ಸಾಲದ ಖಾತೆಗಳು ಮುಚ್ಚಿದವರ ಮನಸ್ಸು ಹೆಚ್ಚು ಹಗುರಾಗಿತ್ತು.

ಸಾಮಾನೂ ಹಾಗೆಯೇ. ಪ್ರತಿಯೊಂದೂ ಮನಸ್ಸಿನಲ್ಲಿ ತೆರೆದಿಟ್ಟ ಒಂದು ಖಾತೆ.

ಇದನ್ನು ನನಗೆ ಕಲಿಸಿದ್ದು ವರ್ಗಾವಣೆ. ಶಿವಮೊಗ್ಗದಲ್ಲಿ ಕಟ್ಟಿದ ಒಂದು ರಟ್ಟಿನ ಡಬ್ಬ ಬಳ್ಳಾರಿಯಲ್ಲಿ ಬಿಚ್ಚದೆಯೇ ಬೆಳಗಾವಿಗೆ ಬಂತು. ಒಳಗಿದ್ದದ್ದು ಮದುವೆಗೆ ಉಡುಗೊರೆ ಬಂದ ಡಿನ್ನರ್ ಸೆಟ್. ತಟ್ಟೆ ತಟ್ಟೆಗೂ ಹಳೇ ಪೇಪರು ಸುತ್ತಿ, ಮೂಲೆಗೆ ಥರ್ಮಾಕೋಲ್ ತುರುಕಿ, ಮೇಲೆ ಮಾರ್ಕರಿನಲ್ಲಿ ‘ಗಾಜು, ಜೋಪಾನ’ ಎಂದು ನಾನೇ ಬರೆದಿದ್ದೆ. ಲಾರಿಯವರು ಎತ್ತುವಾಗಲೂ ಇಳಿಸುವಾಗಲೂ ಜೀವ ಹಿಡಿದು ನಿಂತು ನೋಡಿದ್ದೆ. ಆ ತಟ್ಟೆಯಲ್ಲಿ ಒಬ್ಬರೂ ಊಟ ಮಾಡಿರಲಿಲ್ಲ. ಬೆಳಗಾವಿಯಿಂದ ಹೊರಡುವ ಹೊತ್ತಿಗೆ ಒಂದು ನಿಯಮ ಮಾಡಿಕೊಂಡೆ: ಈ ಊರಿನಲ್ಲಿ ಬಿಚ್ಚದ ಡಬ್ಬ ಮುಂದಿನ ಊರಿಗೆ ಬರುವುದಿಲ್ಲ. ಡಿನ್ನರ್ ಸೆಟ್ಟು ಪಕ್ಕದ ಮನೆಯವರ ಮಗಳ ಹೊಸ ಸಂಸಾರಕ್ಕೆ ಹೋಯಿತು. ಹೆಚ್ಚುವರಿ ಮಂಚ, ಶೋಕೇಸು, ಅಟ್ಟದ ಮೇಲಿದ್ದ ಹಳೇ ಕೂಲರ್ ಹೋದವು. ಮುಂದಿನ ಊರಿನಲ್ಲಿ ಎರಡು ಕೋಣೆಯ ಮನೆ ಸಾಕಾಯಿತು. ಭಾನುವಾರದ ಬೆಳಗ್ಗೆ ದೂಳು ಒರೆಸುವ ಕೆಲಸ ಬೇಗ ಮುಗಿದು ಕಾಫಿ ಲೋಟ ಹಿಡಿದು ಕೂರುವಷ್ಟು ಬಿಡುವು ಸಿಕ್ಕಿತು. ಬಾಗಿಲು ತೆಗೆದರೆ ಕಣ್ಣಿಗೆ ‘ಇದೊಂದು ಕೆಲಸ ಬಾಕಿ’ ಎನ್ನುವ ಗುಡ್ಡೆ ಬೀಳುತ್ತಿರಲಿಲ್ಲ. ಆ ನಿರಾಳವನ್ನು ನಾನು ಇಂದಿಗೂ ಬಿಟ್ಟುಕೊಟ್ಟಿಲ್ಲ.

ಕೋಣೆಯ ಮಾತು ಬಂದಿದ್ದರಿಂದ ಹೇಳುತ್ತೇನೆ. ನಗರದಲ್ಲಿ ಸಾಮಾನಿಡುವುದಕ್ಕೆಂದೇ ಒಂದು ಕೋಣೆ ಹೆಚ್ಚಿಗೆ ಹಿಡಿದವರು ಬಹಳ ಜನ. ಬಾಡಿಗೆಯ ವ್ಯತ್ಯಾಸ ತಿಂಗಳಿಗೆ 8,000 ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 96,000. ಅಲ್ಲಿರುವುದನ್ನೆಲ್ಲ ಗುಜರಿಗೆ ಹಾಕಿದರೆ ಅದರ ಕಾಲುಭಾಗವೂ ಹುಟ್ಟುವುದು ಕಷ್ಟ.

ಆದರೂ ಕೈ ಬಿಡುವುದಿಲ್ಲ, ಯಾಕೆ? ‘ಇರಲಿ ಬಿಡು, ಯಾವಾಗಲಾದರೂ ಬೇಕಾಗುತ್ತೆ’ ಎನ್ನುವುದು ಒಂದು. ಗುಜರಿಯವನು ಹೇಳುವ ಬೆಲೆ ಅವಮಾನದಂತೆ ಕೇಳುವುದು ಇನ್ನೊಂದು. 1990ರಲ್ಲಿ ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದಷ್ಟು ಜನರಿಗೆ ಕಾಫಿ ಮಗ್ ಕೊಟ್ಟರು. ಕೈಗೆ ಬಂದು ಕೆಲವೇ ನಿಮಿಷವಾಗಿದ್ದ ಆ ಮಗ್ಗಿಗೆ ಅವರು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಸಿದ್ಧವಿದ್ದ ಬೆಲೆಯ ಸುಮಾರು ಎರಡರಷ್ಟು. ಕೆಲವು ನಿಮಿಷದ ಒಡೆತನಕ್ಕೇ ಇಷ್ಟಾದರೆ ಇಪ್ಪತ್ತು ವರ್ಷದ ಶೋಕೇಸಿನ ಪಾಡೇನು! ಅದಕ್ಕೇ ಬೆಲೆ ಕುದುರಿಸುತ್ತ ಕೂರಬೇಡಿ ಎನ್ನುತ್ತೇನೆ. ಬಂದಷ್ಟಕ್ಕೆ ಕೊಡಿ, ಇಲ್ಲವೇ ದಾನ ಮಾಡಿ. ಅನ್ಶು ಗುಪ್ತಾ ಅವರು 1999ರಲ್ಲಿ ಶುರು ಮಾಡಿದ ಗೂಂಜ್ ಸಂಸ್ಥೆ ನಗರಗಳ ಬಟ್ಟೆ, ಸಾಮಾನುಗಳನ್ನು ಹಳ್ಳಿಗಳಿಗೆ ತಲುಪಿಸುತ್ತದೆ. ಬಳಸಲು ಯೋಗ್ಯವಾದದ್ದನ್ನೇ, ಒಗೆದು ಮಡಚಿ ಕೊಡುವುದು ಮರ್ಯಾದೆ.

ಇನ್ನೊಂದು ಮಾತನ್ನು ಗಂಡಸರು ಸ್ವಲ್ಪ ಗಮನವಿಟ್ಟು ಓದಬೇಕು. ಲಾಸ್ ಏಂಜಲೀಸಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳನ್ನು ಡಾರ್ಬಿ ಸ್ಯಾಕ್ಸ್‌ಬಿ, ರೀನಾ ರೆಪೆಟ್ಟಿ ಅಧ್ಯಯನ ಮಾಡಿ 2010ರಲ್ಲಿ ಬರೆದರು. ತಮ್ಮ ಮನೆಯನ್ನು ‘ಗಲೀಜು, ಅರ್ಧಂಬರ್ಧ ಕೆಲಸ’ ಎಂದು ವರ್ಣಿಸಿದ ಹೆಂಗಸರಲ್ಲಿ, ಸಂಜೆಯ ಹೊತ್ತಿಗೆ ಸಹಜವಾಗಿ ಇಳಿಯಬೇಕಾದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಅಷ್ಟಾಗಿ ಇಳಿಯುತ್ತಿರಲಿಲ್ಲ. ಗಂಡಂದಿರಲ್ಲಿ ಈ ನಂಟು ಅಷ್ಟಾಗಿ ಕಾಣಲಿಲ್ಲ. ನಮ್ಮಲ್ಲೂ ಒರೆಸುವ ಕೈ, ನೆನಪಿಡುವ ತಲೆ ಬಹುಪಾಲು ಒಬ್ಬಳದೇ. ಹಬ್ಬದ ರಿಯಾಯಿತಿ ನೋಡಿ ಏನಾದರೂ ತರುವ ಮೊದಲು ಆಕೆಯನ್ನು ಕೇಳಿ. ‘ನೋ ಕಾಸ್ಟ್ ಇಎಂಐ’ ಎಂಬ ಮಾತಿಗೂ ಮರುಳಾಗಬೇಡಿ. ಬಡ್ಡಿಯೇ ಇಲ್ಲದ ಸಾಲ ಎಂಬುದಿಲ್ಲ, ಬಡ್ಡಿ ಹಲವು ಸಲ ಸಂಸ್ಕರಣಾ ಶುಲ್ಕದ ರೂಪದಲ್ಲಿ ಅಡಗಿರುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಕಾರ್ಡಿನ ಕಂತಾದರೆ ಆ ಬಡ್ಡಿಯ ಭಾಗಕ್ಕೆ ಜಿಎಸ್‌ಟಿಯೂ ಬೀಳುತ್ತದೆ.

ಹಾಗೆಂದು ಎಲ್ಲರಿಗೂ ‘ಕಡಿಮೆ ಮಾಡಿ’ ಎಂದು ಹೇಳುವವಳಲ್ಲ ನಾನು. ಒಗೆಯುವ ಕಲ್ಲಿನ ಮುಂದೆ ಸೊಂಟ ಮುರಿದುಕೊಳ್ಳುತ್ತಿರುವವಳಿಗೆ ವಾಷಿಂಗ್ ಮೆಷಿನ್ ಕೊಡುವ ನೆಮ್ಮದಿ ದೊಡ್ಡದು. ಅಂಥ ಸಾಲಗಳಿಗೆ ನಾನು ಸಂತೋಷದಿಂದ ಸಹಿ ಹಾಕಿದ್ದೇನೆ. ನಮ್ಮ ಅತ್ತೆಯವರ ಹಿತ್ತಾಳೆ ಹಂಡೆಯನ್ನೂ ನಾನು ಮುಟ್ಟುವುದಿಲ್ಲ. ಹುಣಸೆಹಣ್ಣು ಹಾಕಿ ಅವರೇ ತಿಕ್ಕುತ್ತಾರೆ, ಅದರಲ್ಲಿ ಅವರಿಗೆ ಸುಖವಿದೆ. ಶುರು ಮಾಡುವುದಿದ್ದರೆ ನಿಮ್ಮದೇ ಬೀರುವಿನಿಂದ ಶುರು ಮಾಡಿ.

ಮಾರಿ ಬಂದ, ಉಳಿದ ಹಣವನ್ನು ಏನು ಮಾಡಬೇಕು? ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಎರಡನೇ ಮಾತಿಲ್ಲ, ಅದೇ ಮೊದಲು. ಅದರ ಬಡ್ಡಿಯಷ್ಟು ದುಬಾರಿ ನಿಮ್ಮ ಬೇರೆ ಯಾವ ಕಂತೂ ಇರಲಾರದು. ಇಲ್ಲದಿದ್ದರೆ ಅತಿ ಸಣ್ಣ ಕಂತನ್ನು ಪೂರ್ತಿ ತೀರಿಸಿ, ಆಮೇಲೆ ಅದಕ್ಕಿಂತ ದೊಡ್ಡದನ್ನು. ಮುಗಿದ ಪ್ರತಿ ಸಾಲಕ್ಕೂ ಬಾಕಿಯಿಲ್ಲವೆಂಬ ಪತ್ರವನ್ನು ಕೇಳಿ ಪಡೆಯಿರಿ. ಸ್ಕೂಟರ್ ಸಾಲವಾದರೆ ಬ್ಯಾಂಕಿನಿಂದ ಫಾರಂ 35 ತೆಗೆದುಕೊಂಡು, ಆರ್‌ಸಿಯಲ್ಲಿರುವ ಬ್ಯಾಂಕಿನ ಹೆಸರನ್ನು ಆರ್‌ಟಿಓದಲ್ಲಿ ತೆಗೆಸುವವರೆಗೆ ಆ ಖಾತೆ ಮುಚ್ಚಿತು ಅಂದುಕೊಳ್ಳಬೇಡಿ.