ಪೆಟ್ರೋಲಿನ ಆವಿ ಮತ್ತು ವಿದ್ಯುದ್ದೋಷದ ಶೋಧನೆ

ವಿದ್ಯಾರ್ಥಿಗಳೇ, ಕೊಚ್ಚಿಯಿಂದ ತಿರುವನಂತಪುರಕ್ಕೆ ಸುಮಾರು 200 ಕಿಲೋಮೀಟರು ಓಡುವ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲು ಆವಿಯಾಗುತ್ತಲೇ ಇರುತ್ತದೆ. ಅದು ನಾವು ಉಸಿರಾಡುವ ಗಾಳಿಯನ್ನು ಕೆಡಿಸದಂತೆ ಇದ್ದಲಿನ ಡಬ್ಬಿಯೊಂದು ಹೀರಿಟ್ಟುಕೊಳ್ಳುತ್ತದೆ. ಎಂಜಿನು ಓಡುವಾಗ ವಿದ್ಯುತ್ ಕವಾಟವು ತೆರೆದು ಆ ಆವಿಯನ್ನು ಎಂಜಿನಿಗೆ ಕಳುಹಿಸುತ್ತದೆ. ಅಲ್ಲಿ ಅದು ಉರಿದುಹೋಗುತ್ತದೆ.

ಕವಾಟದ ವಿದ್ಯುನ್ಮಂಡಲ ಕೆಟ್ಟರೆ ಪರೀಕ್ಷಕ ಯಂತ್ರದಲ್ಲಿ ಪಿ 0443 ಎಂಬ ಸಂಕೇತ ಮೂಡುತ್ತದೆ. ಅದು ಮಂಡಲದ ದೋಷವನ್ನು ಸಾರುತ್ತದೆಯೇ ಹೊರತು ಕವಾಟವೇ ಕೆಟ್ಟಿದೆಯೆಂದಲ್ಲ. ಆದುದರಿಂದ ಕ್ರಮವಾಗಿ ನೋಡೋಣ. ಮೊದಲು ಫ್ಯೂಸು, ಅನಂತರ ತಂತಿಗಳ ಕೂಡುಜಾಗ, ಏಕೆಂದರೆ ಕರಾವಳಿಯ ಉಪ್ಪುಗಾಳಿಗೆ ಅಲ್ಲಿ ಕಿಲುಬು ಹಿಡಿಯಬಹುದು. ಬಳಿಕ ಅಲ್ಲಿಗೆ ಸುಮಾರು 12 ವೋಲ್ಟು ಬರುವುದೇ ಎಂದು ಅಳೆಯಬೇಕು. ಬಾರದಿದ್ದರೆ ದೋಷವು ಬರುವ ತಂತಿಯಲ್ಲಿದೆ. ಬಂದರೆ ಕವಾಟವನ್ನು ಬಿಡಿಸಿ ಸುರುಳಿಯ ರೋಧವನ್ನು ಅಳೆಯಬೇಕು. ಅದು ಅನಂತವೆಂದು ತೋರಿದರೆ ಸುರುಳಿ ತುಂಡಾಗಿದೆ. ಸುರುಳಿ ಸರಿಯಿದ್ದರೆ ಎಂಜಿನಿನ ಗಣಕಕ್ಕೆ ಹೋಗುವ ತಂತಿಯನ್ನು ಪರೀಕ್ಷಿಸಬೇಕು.

ಕಾರಣವರಿಯದೆ ಭಾಗ ಬದಲಿಸಿದರೆ ಹಣವೂ ಹೋಗುವುದು, ದೋಷವೂ ಉಳಿಯುವುದು.