ಮೈಗೆ ಹಚ್ಚುವ ಲೇಪಗಳ ಚೀಟಿ ಓದುವ ಕ್ರಮ

ಮಳೆಗಾಲ ಹಿಡಿಯುತ್ತಲೇ ಯಲ್ಲಾಪುರ ತಾಲೂಕಿನ ಉಮ್ಮಚಗಿ ಹಾಗೂ ಸುತ್ತಲಿನ ಶಿರಸಿ, ಸಿದ್ದಾಪುರ ಭಾಗದ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಔಷಧ ಹೊಡೆಯುವ ಕೆಲಸ ಸುರುವಾಗುತ್ತದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಬೋರ್ಡೋ ದ್ರಾವಣದ ಲೆಕ್ಕ ಇಲ್ಲಿಯ ರೈತರಿಗೆ ಬಾಯಿಪಾಠ. ಕೀಟನಾಶಕದ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳ ಅರ್ಥವೂ ಅನೇಕರಿಗೆ ಗೊತ್ತು. ಆದರೆ ಸುಣ್ಣದಿಂದ ಒರಟಾದ ಕೈಗೆ, ಒಡೆದ ಹಿಮ್ಮಡಿಗೆ, ತೊಡೆಸಂದಿಯ ಗಜಕರ್ಣಕ್ಕೆ ಅಂಗಡಿಯಿಂದ ತರುವ ಟ್ಯೂಬಿನ ಚೀಟಿಯನ್ನು ಓದುವವರು ಕಡಿಮೆ. ಗಿಡಕ್ಕೆ ಹೊಡೆಯುವುದನ್ನು ಓದಿ, ಮೈಗೆ ಹಚ್ಚುವುದನ್ನು ಓದದೆ ಬಿಡುವುದು ವಿಚಿತ್ರವೇ ಸರಿ.

2020ರ ಸೌಂದರ್ಯವರ್ಧಕಗಳ ನಿಯಮಗಳ ಪ್ರಕಾರ ಚೀಟಿಯ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಸಬೇಕಾದ ಕೊನೆಯ ತಿಂಗಳು ಮತ್ತು ವರ್ಷ ಇರತಕ್ಕದ್ದು. 'ಇಂಗ್ರೀಡಿಯಂಟ್ಸ್' ಎಂಬ ಶಬ್ದದ ಮುಂದೆ ಬೆರಕೆಯ ವಸ್ತುಗಳ ಪಟ್ಟಿಯೂ ಇರಬೇಕು. ತೀರ ಚಿಕ್ಕ ಡಬ್ಬಿಗಳಿಗೆ ಮಾತ್ರ ಈ ಪಟ್ಟಿಯಿಂದ ವಿನಾಯಿತಿ ಇದೆ. ಪಟ್ಟಿಯ ಅನುಕ್ರಮವೇ ಇಲ್ಲಿ ಮುಖ್ಯ. ಶೇಕಡಾ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ ಇರುವವುಗಳನ್ನು ಅನಂತರ ಯಾವ ಕ್ರಮದಲ್ಲಾದರೂ ಬರೆಯಬಹುದು.

ಈ ಸೀಮೆಯದೇ ಒಂದು ಉದಾಹರಣೆ ನೋಡಬಹುದು. ಮುರುಗಲು ಬೀಜದಲ್ಲಿ ಸುಮಾರು ಕಾಲು ಭಾಗ ಕೊಬ್ಬಿದೆ. ಒಣಗಿಸಿದ ಬೀಜವನ್ನು ಕುಟ್ಟಿ ನೀರಿನಲ್ಲಿ ಕುದಿಸಿದರೆ ತುಪ್ಪ ಮೇಲೆ ತೇಲುತ್ತದೆ. ಆರಿದ ಮೇಲೆ ಗಟ್ಟಿಯಾಗುತ್ತದೆ. ಅಜ್ಜಿಯಂದಿರು ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದುದು ಇದನ್ನೇ. ಈಗ ಅದೇ ತುಪ್ಪ ಪೇಟೆಯ ಕ್ರೀಮುಗಳ ಚೀಟಿಯಲ್ಲಿ 'ಗಾರ್ಸೀನಿಯಾ ಇಂಡಿಕಾ ಸೀಡ್ ಬಟರ್' ಎಂಬ ಹೆಸರಿನಲ್ಲಿ ಕಾಣಿಸುತ್ತದೆ. ಸಸ್ಯಗಳ ಶಾಸ್ತ್ರೀಯ ಹೆಸರು ಬಲ್ಲ ರೈತರು ಇಲ್ಲಿ ಪಟ್ಟಣದವರಿಗಿಂತ ಒಂದು ಹೆಜ್ಜೆ ಮುಂದೆ. ಮೊದಲು 'ಆ್ಯಕ್ವಾ' ಎಂದಿದ್ದರೆ ಅದು ಬರಿಯ ನೀರು. 'ಪ್ಯಾರಫಿನಮ್ ಲಿಕ್ವಿಡಮ್' ಖನಿಜ ತೈಲ. 'ಪರ್ಫ್ಯೂಮ್' ಅಥವಾ 'ಪಾರ್‌ಫಮ್' ಪರಿಮಳದ ಮಿಶ್ರಣ. ಕೆಡದಂತೆ ಹಾಕುವ 'ಫೀನಾಕ್ಸಿ ಎಥನಾಲ್' ಶೇಕಡಾ 1ನ್ನು ಮೀರುವಂತಿಲ್ಲ. ಆದ್ದರಿಂದ ಮುರುಗಲಿನ ಹೆಸರು ಅದರ ನಂತರ ಬಂದಿದ್ದರೆ 50 ಗ್ರಾಮಿನ ಡಬ್ಬಿಯಲ್ಲಿ ಮುರುಗಲು ತುಪ್ಪ ಹೆಚ್ಚೆಂದರೆ ಅರ್ಧ ಗ್ರಾಮ್! ಡಬ್ಬಿಯ ಮುಂಭಾಗದಲ್ಲಿ ಹಣ್ಣಿನ ಚಿತ್ರ ಎಷ್ಟೇ ದೊಡ್ಡದಿರಲಿ.

ಚರ್ಮಕ್ಕೆ ಹಚ್ಚುವುದೆಲ್ಲ ಸೌಂದರ್ಯವರ್ಧಕವಲ್ಲ ಎಂಬುದನ್ನೂ ಗಮನಿಸಬೇಕು. ಮಳೆಗಾಲದ ಒದ್ದೆ ಬಟ್ಟೆಯಿಂದ ಹೆಚ್ಚುವ ಗಜಕರ್ಣಕ್ಕೆ ಔಷಧದಂಗಡಿಯಲ್ಲಿ ಕೇಳಿ ತರುವ ಟ್ಯೂಬುಗಳಲ್ಲಿ ಶಿಲೀಂಧ್ರನಾಶಕದ ಜೊತೆ ಸ್ಟಿರಾಯ್ಡ್ ಬೆರೆಸಿದವೂ ಇವೆ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರು ಕಂಡರೆ ಅದು ಸ್ಟಿರಾಯ್ಡ್ ಎಂದು ತಿಳಿಯಬೇಕು. ಪ್ರಮಾಣ ಶೇಕಡಾ 0.05 ಎಂದಿದ್ದರೂ ಅದು ಅಲ್ಪವಲ್ಲ. ಕ್ಲೋಬೆಟಾಸಾಲ್ ಅಷ್ಟರಲ್ಲೇ ಅತಿ ಪ್ರಬಲ. ಹಚ್ಚಿದ ಎರಡು ಮೂರು ದಿನಗಳಲ್ಲಿ ತುರಿಕೆ, ಕೆಂಪು ಇಳಿಯುತ್ತದೆ. ರೋಗ ವಾಸಿಯಾಯಿತೆಂದು ರೈತನಿಗೆ ಅನಿಸುತ್ತದೆ. ವಾಸ್ತವವಾಗಿ ಚರ್ಮದ ಪ್ರತಿರೋಧ ತಗ್ಗಿರುವುದರಿಂದ ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಬಿಟ್ಟೊಡನೆ ಮೊದಲಿಗಿಂತ ಅಗಲವಾಗಿ ಮರಳುತ್ತದೆ. ಬಹಳ ದಿನ ಹಚ್ಚಿದರೆ ಚರ್ಮ ತೆಳುವಾಗಿ ಗೆರೆ ಬೀಳುತ್ತದೆ, ಆ ಗೆರೆ ಮತ್ತೆ ಹೋಗುವುದಿಲ್ಲ. ಇಂಥ 14 ಲೇಪನ ಸ್ಟಿರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಸರಕಾರ ನಿಯಮ ಬಿಗಿಗೊಳಿಸಿತು. ಆದುದರಿಂದ ನೆರೆಮನೆಯವರ ಹಳೆಯ ಟ್ಯೂಬು ತೋರಿಸಿ 'ಇದನ್ನೇ ಕೊಡಿ' ಎನ್ನುವ ರೂಢಿ ಬಿಡುವುದು ಮೇಲು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟು ದಿನ ಔಷಧ ಮುಂದುವರಿಸಬೇಕು. ಮನೆಯಲ್ಲಿ ಇನ್ನೊಬ್ಬರಿಗೆ ಹತ್ತಿದ್ದರೆ ಅವರಿಗೂ ಚಿಕಿತ್ಸೆ ಅಗತ್ಯ.

ಬೆಳ್ಳಗಾಗಿಸುವ ಕ್ರೀಮುಗಳ ಬಗ್ಗೆ ಒಂದು ಮಾತು. ಇವುಗಳಲ್ಲಿ ಕೆಲವಕ್ಕೆ ಪಾದರಸ ಬೆರೆಸುವುದುಂಟು. ಕಣ್ಣಿನ ಭಾಗಕ್ಕೆ ಬಳಸುವವನ್ನು ಬಿಟ್ಟರೆ ಉಳಿದ ಸೌಂದರ್ಯವರ್ಧಕಗಳಲ್ಲಿ, ಅರಿವಿಲ್ಲದೆ ಸೇರಿದ್ದೂ, ಹತ್ತು ಲಕ್ಷಕ್ಕೆ ಒಂದು ಭಾಗವನ್ನು ಮೀರಬಾರದೆಂದು ನಿಯಮವಿದೆ. ಬೀಜೋಪಚಾರಕ್ಕೆ ಒಂದು ಕಾಲದಲ್ಲಿ ಬಳಸುತ್ತಿದ್ದ ಪಾದರಸದ ಪುಡಿ ಹಿರಿಯ ರೈತರಿಗೆ ನೆನಪಿರಬಹುದು. ವಿಷವೆಂದೇ ಅದನ್ನು ಕೈಬಿಡಲಾಯಿತು. ಪರವಾನಗಿ ಸಂಖ್ಯೆ, ವಿಳಾಸ ಇಲ್ಲದ ಡಬ್ಬಿಯನ್ನು ಸಂತೆಯಲ್ಲಿ ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು.

ಸಾಬೂನಿನ ಮೇಲೆ 'ಟಿ.ಎಫ್.ಎಂ.' ಎಂಬ ಅಂಕಿ ನೋಡಿದರೆ ಸಾಕು. ಒಂದನೆಯ ದರ್ಜೆಯ ಟಾಯ್ಲೆಟ್ ಸಾಬೂನಿನಲ್ಲಿ ಅದು ಶೇಕಡಾ 76ಕ್ಕೆ ಕಡಿಮೆ ಇರುವುದಿಲ್ಲ.

ಮುರುಗಲು ತುಪ್ಪವನ್ನು ಮನೆಮಟ್ಟಿಗೆ ಮಾಡಿ ಹಚ್ಚಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಆದರೆ ಮಹಿಳಾ ಸ್ವಸಹಾಯ ಸಂಘಗಳು ಅದನ್ನು ಡಬ್ಬಿಗೆ ತುಂಬಿ ಚರ್ಮಲೇಪವೆಂದು ಮಾರುವುದಾದರೆ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಮೊದಲೇ ಅನುಮತಿ ಪಡೆಯಬೇಕು. ಮೇಲೆ ಹೇಳಿದ ಚೀಟಿಯ ನಿಯಮಗಳೆಲ್ಲ ಅವರಿಗೂ ಅನ್ವಯಿಸುತ್ತವೆ. 'ಚರ್ಮರೋಗ ವಾಸಿಮಾಡುತ್ತದೆ' ಎಂದು ಬರೆಯಬಾರದು. ತುಪ್ಪದಲ್ಲಿ ನೀರಿನಂಶ ಉಳಿದರೆ ಬೇಗ ಮುಗ್ಗಲು ವಾಸನೆ ಬರುವುದರಿಂದ, ಕಾಯಿಸಿ ನೀರು ಪೂರ್ತಿ ಆರಿಸಿ, ಸೋಸಿ, ಒಣಗಿದ ಡಬ್ಬಿಗೆ ಹಾಕಬೇಕು.